ದನಿಗೊಂದು ಓಣಿ

ಅಕ್ಕಲಕೋಟೆಯ ಬೆಲ್ಲದ ಗಲ್ಲಿಯ ಮಂದಿ ತನ್ನ ಹೆಂಡತಿ ದ್ರೌಪದಿಗೆ ‘ಭೋಂಗಾಬಾಯಿ’ ಎಂದು ಹೆಸರಿಟ್ಟದ್ದನ್ನು ಜಟ್ಟೆಪ್ಪ ಇವತ್ತಿಗೂ ಮರೆತಿಲ್ಲ. ಭೋಂಗಾ ಎಂದರೆ ಸೊಲ್ಲಾಪುರದ ಗಿರಣಿಯ ಕೂಗು. ಪಾಳಿ ಬದಲಾಗುವ ಹೊತ್ತಿಗೆ ಹಂಚು ನಡುಗುವ ಹಾಗೆ ಊದುತ್ತದೆ. ಹೆಸರಿಟ್ಟವರಾದರೂ ಎಂಥವರು? ಉಂಡು, ಎಲೆ ಅಡಿಕೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುವವರು. ಭೋಂಗಾ ಕೇಳಿ ಎದ್ದು ಓಡಿ ಒಂದು ದಿನ ದುಡಿದವರಲ್ಲ. ಆ ಗಲ್ಲಿಯ ಮುಂದೆ ಹಾಯುವಾಗ ಜಟ್ಟೆಪ್ಪ ಈಗಲೂ ಬೇಕೆಂದೇ ಚಪ್ಪಲಿ ಬಡಿಯುತ್ತ ನಡೆಯುತ್ತಾನೆ. ದ್ರೌಪದಿ ಮಾತ್ರ ನಗುತ್ತಾಳೆ. “ಭೋಂಗಾಕ್ಕ ಹೆಸರಿಟ್ಟರ ಭೋಂಗಾಕ್ಕ ಸಿಟ್ಟ ಬರ್ಬೇಕು. ನಿಮಗ್ಯಾಕ?” ಎನ್ನುತ್ತಾಳೆ. ಅವಳ ಸ್ವಭಾವವೇ ಹಾಗೆ. ಅದಕ್ಕೇ ಅವಳ ಪಾಲಿನ ಸಿಟ್ಟನ್ನೂ ಇವನೇ ಮಾಡಬೇಕಾಗಿದೆ.

ದ್ರೌಪದಿಯ ದನಿ ದೊಡ್ಡದು, ಸುಳ್ಳಲ್ಲ. ಆದರೆ ಹುಟ್ಟುತ್ತ ಬಂದದ್ದಲ್ಲ. ನಾಗಣಸೂರಿನಿಂದ ಮದುವೆಯಾಗಿ ಬಂದಾಗ ಅವಳ ಮಾತು ಅಡುಗೆಮನೆಯಿಂದ ಪಡಸಾಲೆಗೆ ಮುಟ್ಟುತ್ತಿರಲಿಲ್ಲ. ಗಿರಣಿಯ ನೂಲು ಸುತ್ತುವ ಖಾತೆಗೆ ಸೇರಿದಳು. ಅಲ್ಲಿ ಯಂತ್ರಗಳ ಗದ್ದಲದಲ್ಲಿ ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಗಿರಣಿಯ ಮಂದಿ ಕೈಯಿಂದ ಮಾತಾಡುತ್ತಾರೆ, ತುಟಿ ನೋಡಿ ಕೇಳುತ್ತಾರೆ. ಮೂಗಿನ ಮೇಲೆ ಬೆರಳಿಟ್ಟರೆ ಮೇಲ್ವಿಚಾರಕ ಜಾಬರ್ ಬಂದ ಎಂದರ್ಥ, ಅಂಗೈ ಮಡಚಿ ಬಾಯಿಗೆ ತಂದರೆ ರೊಟ್ಟಿ ತಿನ್ನೋಣ ಎಂದರ್ಥ. ಯಾರ ಅತ್ತೆ ಯಾರಿಗೆ ಏನಂದಳು ಎಂಬುದನ್ನು ಕೂಡ ಸಪ್ಪಳವಿಲ್ಲದೆ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ದಾರ ಕಡಿಯದಂತೆ ದಾಟಿಸುವುದರಲ್ಲಿ ದ್ರೌಪದಿಯನ್ನು ಮೀರಿಸಿದವರಿರಲಿಲ್ಲ. ಜಟ್ಟೆಪ್ಪ ಮಗ್ಗದ ಖಾತೆಯಲ್ಲಿದ್ದ. ಮಗ್ಗದ ಬಡಿತಕ್ಕೆ ಅವನ ಕಿವಿ ಅರ್ಧ ಹೋಗಿತ್ತು. ಮನೆಗೆ ಬಂದರೆ ಅವನಿಗೆ ಕೇಳಲಿ ಎಂದು ಅವಳು ಕೂಗುತ್ತಿದ್ದಳು. ತನ್ನ ದನಿ ತನಗೇ ಕೇಳದ್ದಕ್ಕೆ ಅವನೂ ಕೂಗುತ್ತಿದ್ದ. ಗಿರಣಿ ಮಂದಿಯ ಸಾಲುಮನೆಗಳ ಚಾಳದಲ್ಲಿ ಎಲ್ಲರ ಮನೆಯಲ್ಲೂ ಅದೇ ಹಾಡು. ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಕಿವಿಯ ಹಿಂದೆ ಎದೆಯೂ ಕೆಟ್ಟಿತು. ಹತ್ತಿಯ ಧೂಳು ಒಳಗೆ ಕೂತು, ಜಟ್ಟೆಪ್ಪ ಕೆಮ್ಮಲು ಸುರು ಮಾಡಿದರೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ದವಾಖಾನೆಯ ಡಾಕ್ಟರರು ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಜಟ್ಟೆಪ್ಪನಿಗೆ ಕೇಳಲಿಲ್ಲ. ದ್ರೌಪದಿ ಅವರ ತುಟಿ ನೋಡುತ್ತ ನಿಂತವಳು ಹೊರಗೆ ಬಂದು ಹೇಳಿದಳು.

“ಹತ್ತಿ ಬಿಡಬೇಕಂತ, ಇಲ್ಲಂದ್ರ ಜೀವ ಬಿಡಬೇಕಂತ.”

“ಡಾಕ್ಟರ ಹಂಗ ಅಂದ್ರೇನು?”

“ಹಂಗ ಅನ್ನಲಿಲ್ಲ. ಅವರು ನಾಜೂಕ ಅಂದ್ರು. ನಾ ನಿಮಗ ತಿಳಿಯೂ ಹಂಗ ಹೇಳೀನಿ.”

ಅಕ್ಕಲಕೋಟೆಯಲ್ಲಿ ಶಾಂತಲಿಂಗಪ್ಪನೆಂಬ ಶೇಂಗಾ ವ್ಯಾಪಾರಿಯ ಅಡತಿ ಅಂಗಡಿಯಿತ್ತು. ಚೀಲಗಳನ್ನು ನೋಡಿಕೊಳ್ಳಲು ನಂಬಿಗಸ್ತ ಆಳು ಬೇಕೆಂದು ಕೇಳಿ, ದ್ರೌಪದಿಯೇ ರೈಲು ಹತ್ತಿ ಹೋಗಿ ಮಾತಾಡಿ ಬಂದಳು. ಬೆಲ್ಲದ ಗಲ್ಲಿಯಲ್ಲಿ ಆತನದೇ ಒಂದು ಮನೆ ಖಾಲಿಯಿತ್ತು; ಅದನ್ನೂ ಬಾಡಿಗೆಗೆ ಹಿಡಿದಳು. ಕಲ್ಲಿನ ಕಟ್ಟೆ, ಮುಂದೆ ಬೇವಿನ ಗಿಡ, ತಂಪು ನೆರಳು. ದೊಡ್ಡ ಊರು ಬಿಟ್ಟು ಸಣ್ಣ ಊರಿಗೆ ಬರುವವರು ಮೊದಲು ಹುಡುಕುವುದು ಇಂಥ ಶಾಂತ ಜಾಗವನ್ನೇ. ಗಂಡ ಹೆಂಡತಿ ಇಬ್ಬರಿಗೂ ಮನಸ್ಸು ತುಂಬಿತು. ತಪ್ಪು ಆದದ್ದು ಅಲ್ಲೇ.

ಮೊದಲ ದಿನ ನಸುಕಿನಲ್ಲಿ, ಭೋಂಗಾ ಇಲ್ಲದಿದ್ದರೂ ಭೋಂಗಾದ ಹೊತ್ತಿಗೇ ಇಬ್ಬರಿಗೂ ಎಚ್ಚರವಾಯಿತು.

“ಏಳ್ರೀ! ನೀರ ಕಾದಾವ!”

“ಟವೆಲ್ ಎಲ್ಲಿ ಒಗದೀ?”

“ಗೂಟಕ್ಕದ! ಗೂಟಕ್ಕ! ಕಣ್ಣ ಮುಂದದಲಾ!”

“ಗೂಟ ಎಲ್ಲದ? ಹೊಸಾ ಮನಿ ಇದು, ಗೂಟ ನನಗೇನ ಗುರ್ತು?”

ಬಾಗಿಲು ದಡದಡ ಬಡಿಯಿತು. ತೆರೆದರೆ ಹೊರಗೆ ಕಂದೀಲು ಹಿಡಿದ ಗಂಡಸರು, ಅವರ ಬೆನ್ನ ಹಿಂದೆ ಸೆರಗು ಬಾಯಿಗೆ ಹಚ್ಚಿಕೊಂಡ ಹೆಂಗಸರು. ಒಬ್ಬನ ಕೈಯಲ್ಲಿ ಬಡಿಗೆಯೂ ಇತ್ತು. ಟವೆಲ್ ಉಟ್ಟು ನಿಂತ ಜಟ್ಟೆಪ್ಪನನ್ನು ಮೇಲಿನಿಂದ ಕೆಳಗೆ ನೋಡಿ, “ಹೊಡದಾನೇನವಾ ತಂಗಿ?” ಎಂದು ದ್ರೌಪದಿಯನ್ನು ಕೇಳಿದರು.

ಅಂದೇ ಸಂಜೆ ಗಲ್ಲಿಯ ಹಿರಿಯ ಮಲಕಾಜಪ್ಪ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂತ. ಮುರಿದ ಸಂಸಾರ ಕೂಡಿಸುವುದೆಂದರೆ ಆ ಮುದುಕನಿಗೆ ಹೋಳಿಗೆ ಉಂಡಷ್ಟು ಖುಷಿ. ಸುತ್ತ ಸೀಮೆಯಲ್ಲಿ ಅದಕ್ಕೇ ಹೆಸರಾದವನು. ಹಲ್ಲಿಲ್ಲದ ಬಾಯಿಯಿಂದ ಬೆಣ್ಣೆಯ ಹಾಗೆ ಮಾತಾಡಿದ.

“ತಮ್ಮಾ, ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ ಅಂತಾರ. ನಿಮ್ಮದು ಎದ್ದ ಮ್ಯಾಲ ಸುರು ಆಗ್ತದಲಾ?”

“ಯಾರ್ ಜಗಳ ಆಡ್ಯಾರ?” ಎಂದ ಜಟ್ಟೆಪ್ಪ. ಅಂದ ಎಂದರೆ ತಪ್ಪಾದೀತು. ಬೇವಿನ ಗಿಡದಲ್ಲಿದ್ದ ಕಾಗೆಗಳು ಎದ್ದು ಹಾರಿದವು.

“ನೋಡಿದ್ರ್ಯಾ, ಹೆಂಗ ಮೈಮ್ಯಾಲ ಬರ್ತಾನ,” ಎಂದು ಮಲಕಾಜಪ್ಪ ತನ್ನವರತ್ತ ತಿರುಗಿದ.

ದ್ರೌಪದಿ ಬಾಗಿಲಿಗೆ ಬಂದಳು. “ಕಾಕಾರ, ನಾವು ಜಗಳ ಆಡೇ ಇಲ್ರೀ! ಟವೆಲ್ ಕೇಳಿದ್ರು, ಎಲ್ಲದ ಅಂತ ಹೇಳೀನಿ!”

“ಹೆದರಿ ಗಂಡನ ತಪ್ಪ ಮುಚ್ಚಾಕತ್ತಾಳ ಪಾಪ. ಹೆದರಬ್ಯಾಡ ತಂಗಿ. ಸಾವಕಾಶ ಹೇಳು.”

“ಸಾವಕಾಶನ ಹೇಳಾಕತ್ತೀನ್ರೀ!”

ಆ ವರ್ಷ ಅಕ್ಕಲಕೋಟೆ ಕನ್ನಡದ ರಾಜ್ಯಕ್ಕೆ ಹೋಗುತ್ತದೋ ಮುಂಬಯಿಯಲ್ಲೇ ಉಳಿಯುತ್ತದೋ ಎಂದು ಎಲ್ಲ ಕಟ್ಟೆಗಳ ಮೇಲೂ ವಾದ ನಡೆದಿತ್ತು. ಅದನ್ನು ತೀರ್ಮಾನ ಮಾಡಲಾಗದ ಈ ಹಿರಿಯರು ಇದನ್ನು ಅರೆಗಳಿಗೆಯಲ್ಲಿ ತೀರ್ಮಾನಿಸಿದರು. ಇಬ್ಬರನ್ನೂ ಪೂರ್ವಕ್ಕೆ ಮುಖ ಮಾಡಿಸಿ ಕೂಡಿಸಿದರು. ಅವನ ಕೈಯಿಂದ ಅವಳ ಬಾಯಿಗೆ, ಅವಳ ಕೈಯಿಂದ ಅವನ ಬಾಯಿಗೆ ಸಕ್ಕರೆ ಹಾಕಿಸಿದರು. ಇನ್ನು ಮುಂದೆ ದನಿ ಎತ್ತುವುದಿಲ್ಲ ಎಂದು ಜಟ್ಟೆಪ್ಪನಿಂದ ಬೇವಿನ ಗಿಡ ಮುಟ್ಟಿಸಿ ಆಣೆ ಮಾಡಿಸಿದರು. ಆಡದ ಜಗಳಕ್ಕೆ ರಾಜಿ ಮಾಡಿಸಿಕೊಂಡ ಗಂಡಸು ಈ ಭೂಮಿಯ ಮೇಲೆ ತಾನೊಬ್ಬನೇ ಎಂದು ಜಟ್ಟೆಪ್ಪ ಕುದಿದುಹೋದ. ಅವರೆಲ್ಲ ಎದ್ದು ಹೋದ ಮೇಲೆ, ಸಕ್ಕರೆ ತಿಂದ ಬಾಯಿಯಲ್ಲೇ, ಗಂಡ ಹೆಂಡತಿಗೆ ನಿಜವಾದ ಜಗಳವಾಯಿತು.

ಆಣೆ ಎಂದರೆ ಆಣೆ. ಮರುದಿನದಿಂದ ದ್ರೌಪದಿ ಗಿರಣಿಯ ಕೈಮಾತು ಸುರು ಮಾಡಿದಳು. ನೀರು ಕಾದಿದೆ, ಊಟಕ್ಕೆ ಏಳು, ಉಪ್ಪು ತೀರಿದೆ, ಎಲ್ಲವೂ ಕೈಯಲ್ಲೇ. ಮನೆ ಗುಡಿಯಷ್ಟು ಶಾಂತವಾಯಿತು. ಎದುರು ಮನೆಯ ಹೆಂಗಸರು ಕಿಟಕಿಯಿಂದ ನೋಡಿದರು. ಗಂಡನ ಮುಂದೆ ನಿಂತು ಬೆರಳು ತಿರುವುತ್ತಾಳೆ, ತುಟಿ ಅಲ್ಲಾಡಿಸುತ್ತಾಳೆ, ಬಾಯಿಂದ ಮಾತು ಬರುವುದಿಲ್ಲ. ಎರಡು ದಿನಕ್ಕೆ ಸುದ್ದಿ ಹರಡಿತು: ಮೊದಲು ಹೊಡೆಯುತ್ತಿದ್ದ ಗಂಡನಿಗೆ ಹೆಂಡತಿ ಮಾಟ ಮಾಡಿಸಿದ್ದಾಳೆ. ಬಾವಿಗೆ ಹೋದರೆ ಹೆಂಗಸರು ಹಗ್ಗ ಎತ್ತಿಕೊಂಡು ಸರಿಯತೊಡಗಿದರು. ಕೂಗಿದರೆ ಭೋಂಗಾಬಾಯಿ, ಸುಮ್ಮನಿದ್ದರೆ ಮಾಟಗಾತಿ. ಇವರಿಗೆ ಬೇಕಾದದ್ದು ಏನು ಎಂದು ಹಿಡಿದು ಕೇಳೋಣವೆಂದರೆ, ಅದಕ್ಕೂ ದನಿ ಎತ್ತಬೇಕು.

ಕೊನೆಗೆ ಶಾಂತಲಿಂಗಪ್ಪ ಅಂಗಡಿಯಲ್ಲಿ ಜಟ್ಟೆಪ್ಪನನ್ನು ಬದಿಗೆ ಕರೆದ. ಒಳ್ಳೆಯ ಮನುಷ್ಯ, ಮುಖ ನೋಡಿ ಹೇಳಲಾರದೆ ಶೇಂಗಾ ಚೀಲ ನೋಡುತ್ತ ಹೇಳಿದ.

“ಜಟ್ಟೆಪ್ಪಾ, ಕೆಲಸ ನಿಂದೇ ಅದ. ಅದಕ್ಕ ಯಾರೂ ಕೈ ಹಚ್ಚೂದಿಲ್ಲ. ಮನಿ ಮಾತ್ರ ಅಮಾಸಿ ತನಕ ಬ್ಯಾರೆ ನೋಡು. ನಾ ಗಲ್ಲ್ಯಾಗ ಬಾಳಬೇಕಲಾ.”

ಜಟ್ಟೆಪ್ಪ ಮನೆಗೆ ಬಂದವನೇ ಹಾಸಿಗೆ ಸುತ್ತಿದ. “ನಡಿ, ಸೊಲ್ಲಾಪುರಕ್ಕ ಹೋಗೂಣು. ಜಾಬರ್ ಇನ್ನೂ ನನ್ನ ಮಗ್ಗ ಯಾರಿಗೂ ಕೊಟ್ಟಿಲ್ಲ. ಅದರ ಮುಂದ ಸತ್ತರೂ ಛಲೋ, ಈ ಮಂದಿ ನಡುವ ಬದಕೂದು ಬ್ಯಾಡ.”

ದ್ರೌಪದಿ ಸುತ್ತಿದ ಹಾಸಿಗೆಯ ಮೇಲೆ ಕೂತುಬಿಟ್ಟಳು. “ಸಾಯಾಕ ಕರಕೊಂಡ ಬಂದಿಲ್ಲ ನಾ ನಿಮ್ಮನ್ನ. ಓಣಿ ಆರಿಸೂದ್ರಾಗ ತಪ್ಪೇವಿ. ಊರ ತಪ್ಪಿಲ್ಲ. ಗಿಡದ ನೆರಳ ನೋಡಿ ಮನಿ ಹಿಡದೀನಿ. ನಮಗ ಬೇಕಾದ್ದು ನೆರಳಲ್ಲ.”

“ಮತ್ತೇನು?”

“ಸಪ್ಪಳ.”

ಸಪ್ಪಳದ ಓಣಿಯನ್ನು ಮೊದಲು ಕಂಡುಹಿಡಿದವನು ಜಟ್ಟೆಪ್ಪನೇ. ಸಂತೆಯಿಂದ ಬರುವಾಗ ಪಿಂಜಾರರ ಓಣಿಯಲ್ಲಿ ಹಾಯ್ದ. ಮನೆ ಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲು ಝುಂಯ್ ಝುಂಯ್ ಎನ್ನುತ್ತಿತ್ತು. ಕಿವಿಗೆ ತವರುಮನೆ ಸಿಕ್ಕ ಹಾಗಾಯಿತು. ಅಲ್ಲೇ ಒಂದು ಖೋಲಿ ಕೇಳಿ, ಹೆಂಡತಿಯನ್ನು ಹೆಮ್ಮೆಯಿಂದ ಕರೆತಂದ. ದ್ರೌಪದಿ ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳೆಳೆದು, ಬೆರಳಿಗೆ ಹತ್ತಿದ ಬಿಳಿ ಧೂಳನ್ನು ಅವನ ಮೂಗಿನ ಮುಂದೆ ಹಿಡಿದಳು.

“ಇದಕ್ಕಾಗಿ ಸೊಲ್ಲಾಪುರ ಯಾಕ ಬಿಡಬೇಕಾಗಿತ್ತು?”

“ಇಷ್ಟು ಧೂಳಿಗಿ ಏನಾಗ್ತದ?” ಎಂದು ಜಟ್ಟೆಪ್ಪ ಕೂಗಿದ. ಅವಳೂ ಕೂಗಿದಳು. ಓಣಿಯ ನಡುವೆ ನಿಂತು ಇಬ್ಬರೂ ಗಂಟಲು ಹರಿಯುವಂತೆ ಜಗಳಾಡಿದರು. ಒಬ್ಬನಾದರೂ ತಲೆ ಎತ್ತಿ ನೋಡಬೇಕಲ್ಲ, ಇಲ್ಲ. ಬಿಲ್ಲುಗಳು ತಮ್ಮ ಪಾಡಿಗೆ ತಾವು ಝುಂಯ್ಗುಟ್ಟುತ್ತಿದ್ದವು. ಜಗಳ ಸೋತರೂ ಜಟ್ಟೆಪ್ಪನಿಗೆ ಆ ಓಣಿಯನ್ನು ಬಿಟ್ಟುಬರಲು ಮನಸ್ಸಿರಲಿಲ್ಲ. ಆದರೆ ವಾಪಸು ಬರುವಾಗಲೇ ಕೆಮ್ಮು ಹಿಡಿಯಿತು. ಗೋಡೆ ಹಿಡಿದು ನಿಂತ. ದ್ರೌಪದಿ ಅವನ ಬೆನ್ನು ತಿಕ್ಕಿದಳು.

ಮರುದಿನ ಅವಳು ಮಾಡಿದ್ದನ್ನು ನೆನೆದರೆ ಜಟ್ಟೆಪ್ಪನಿಗೆ ಈಗಲೂ ನಾಚಿಕೆ, ಜೊತೆಗೆ ನಗು. ತಲೆಯ ಮೇಲೆ ಸೆರಗು ಹೊದ್ದು ಹೊರಟಳು. ಪ್ರತಿಯೊಂದು ಓಣಿಯ ಬಾಯಿಗೆ ನಿಂತು, ಯಾರನ್ನೋ ಹುಡುಕುವವಳ ಹಾಗೆ, “ಅಂಬಾರಾಯಾ! ಏ ಅಂಬಾರಾಯಾ!” ಎಂದು ತನ್ನ ಪೂರಾ ದನಿಯಲ್ಲಿ ಕೂಗುವುದು, ಓಣಿ ಏನು ಮಾಡುತ್ತದೆ ನೋಡುವುದು. ಅಂಬಾರಾಯ ಎಂಬುವನು ಇರಲೇ ಇಲ್ಲ. ಜಟ್ಟೆಪ್ಪ ಒಂದಿಷ್ಟು ದೂರದಲ್ಲಿ, ಇವಳು ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಆಕಾಶ ನೋಡುತ್ತ ಹಿಂಬಾಲಿಸಿದ.

ಒಂದು ಓಣಿಯಲ್ಲಿ ತೆರೆದಿದ್ದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಇನ್ನೊಂದರಲ್ಲಿ ಒಬ್ಬಾಕೆ ಕಸಬರಿಗೆ ಹಿಡಿದು ಹೊರಗೆ ಬಂದು, ಮಲಗಿದ ಕೂಸು ಎದ್ದಿತೆಂದು ಬೈದಳು. ಮತ್ತೊಂದು ಓಣಿಯಲ್ಲಿ ನಿಜವಾಗಿಯೂ ಒಬ್ಬ ಮುದಿ ಅಂಬಾರಾಯ ಕೋಲೂರಿಕೊಂಡು ಎದ್ದು ಬಂದ.

“ಯಾಕವಾ, ನಾನೇ ನೋಡು. ಏನಾತು?”

ದ್ರೌಪದಿ ತಬ್ಬಿಬ್ಬಾದಳು. “ನಿಮ್ಮ ಎಮ್ಮಿ ಬಿಚ್ಚಿಕೊಂಡು ಹೊಂಟದರಿ!”

“ನನ್ನ ಬಲ್ಲಿ ಎಮ್ಮಿ ಇಲ್ಲಲಾ.”

“ಹಂಗಾದ್ರ ಛಲೋ ಆತ್ರಿ!” ಎಂದವಳೇ ಹಿಂದೆ ನೋಡದೆ ನಡೆದಳು. ಮುದುಕ ಬಹಳ ಹೊತ್ತು ಅಲ್ಲೇ ನಿಂತು, ಇಲ್ಲದ ಎಮ್ಮೆಯ ದಾರಿ ನೋಡಿದ.

ಹೀಗೆ ತಿರುಗುತ್ತ ಕಂಚಗಾರ ಓಣಿ ಮುಟ್ಟಿದರು. ಎರಡೂ ಬದಿಗೆ ತಾಮ್ರದ ಹಂಡೆ, ಕೊಡ, ತಂಬಿಗೆಗಳ ಮೇಲೆ ಸುತ್ತಿಗೆ ಬೀಳುತ್ತಿತ್ತು. ಠಣ್ ಠಣ್ ಎಂಬ ಸಪ್ಪಳ ನೆಲದಿಂದ ಎದ್ದು ಅಂಗಾಲಿಗೆ ಬರುತ್ತಿತ್ತು. ಕುಲುಮೆ ದೂರದ ತುದಿಯಲ್ಲಿತ್ತು; ಅದರ ಹೊಗೆ ಗಾಳಿಯ ಸಂಗಡ ಓಣಿಯ ಹೊರಗೇ ಹೋಗುತ್ತಿತ್ತು. ಹತ್ತಿಯ ಎಳೆ ಹುಡುಕಿದರೂ ಸಿಗಲಿಲ್ಲ. ದ್ರೌಪದಿ ಸೊಂಟಕ್ಕೆ ಕೈಕೊಟ್ಟು ನಿಂತು ಕೂಗಿದಳು.

“ಅಂಬಾರಾಯಾ!”

ಹಂಡೆಯೊಳಗೆ ತಲೆ ಹಾಕಿ ಬಡಿಯುತ್ತಿದ್ದ ಒಬ್ಬ ಗಟ್ಟಿಮುಟ್ಟಾದ ಕಂಚಗಾರ, ತಲೆ ಹೊರಗೆ ತೆಗೆಯದೆ, ಅವಳಷ್ಟೇ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟ.

“ಇಲ್ಲಿಲ್ಲ ಬೇ! ಸಿಕ್ಕರ ಇತ್ತ ಕಳಸು, ನಮಗೂ ಒಬ್ಬ ಆಳ ಬೇಕಾಗ್ಯಾನ!”

ದ್ರೌಪದಿ ದೂರದಲ್ಲಿದ್ದ ಗಂಡನತ್ತ ತಿರುಗಿ ಕೈಯಲ್ಲೇ ಹೇಳಿದಳು: ಇದೇ.

ಆ ಕಂಚಗಾರನ ಹೆಸರು ಧೂಳಪ್ಪ. ಅವನ ಮನೆಯ ಪಕ್ಕದ ಖೋಲಿಗೆ ಬೀಗವಿತ್ತು. ದ್ರೌಪದಿ ಕೇಳಿದಳು. ಅವನು ಸುತ್ತಿಗೆ ನಿಲ್ಲಿಸದೆ ತಲೆಯನ್ನು ಅಡ್ಡಡ್ಡ ಆಡಿಸಿದ.

“ಅದರಾಗ ಒಡಕ ಪಾತ್ರಿ ತುಂಬ್ಯಾವ. ಮತ್ತ ಹೊರಗಿನವರನ್ನ ನಾವು ಇಡೂದಿಲ್ಲ. ನೀವು ಯಾವ ಜಾತಿ ಪೈಕಿ?”

“ಗಿರಣಿ ಪೈಕಿ!”

“ಅದ್ಯಾವ ಪೈಕಿ?”

“ಭೋಂಗಾ ಆತಂದ್ರ ಎಲ್ಲಾರೂ ಒಂದೇ ಬಾಗಲದಾಗ ಹೋಗೂ ಪೈಕಿ!”

ಧೂಳಪ್ಪ ನಕ್ಕ, ಆದರೆ ತಲೆಯನ್ನು ಅಡ್ಡಡ್ಡವೇ ಆಡಿಸಿದ. ಜಟ್ಟೆಪ್ಪ ಸಿಟ್ಟಿನಿಂದ ಆಗಲೇ ಮುಖ ತಿರುಗಿಸಿದ್ದ. ಅಮಾವಾಸ್ಯೆ ಹತ್ತಿರವಿತ್ತು. ಇನ್ನು ಕೇಳಲು ಓಣಿ ಉಳಿದಿರಲಿಲ್ಲ. ಅವನ ಕಣ್ಣ ಮುಂದೆ ತನ್ನ ಹಳೆಯ ಮಗ್ಗ ಬಂದು ನಿಂತಿತು.

ದ್ರೌಪದಿಗೆ ಮಾತಾಡುವಾಗ ಕೈ ತಾನಾಗಿಯೇ ಮಾತಾಡುತ್ತದೆ. ಆ ಕೈಯನ್ನು ಎದುರು ಕಟ್ಟೆಯಿಂದ ಒಬ್ಬ ಮುದುಕಿ ನೋಡುತ್ತಿದ್ದಳು. ಹಣಮವ್ವ, ಧೂಳಪ್ಪನ ತಾಯಿ. ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದಳು. ಹುಟ್ಟಿದಾಗಿನಿಂದ ಸುತ್ತಿಗೆಯ ಬದಿಗೆ ಬಾಳಿ, ಅವಳಿಗೆ ಕಿವಿ ಪೂರಾ ಹೋಗಿ ವರ್ಷಗಳೇ ಆಗಿದ್ದವು. ಮಕ್ಕಳು ಮೊಮ್ಮಕ್ಕಳು ಮೊದಮೊದಲು ಕೂಗಿ ಹೇಳಿದರು, ಆಮೇಲೆ ಬೇಸತ್ತು ಬಿಟ್ಟರು. ಊಟಕ್ಕೆ ಕರೆಯಬೇಕಾದರೆ ಭುಜ ಮುಟ್ಟುತ್ತಿದ್ದರು, ಅಷ್ಟೇ.

ಹಣಮವ್ವ ಎದ್ದು ಬಂದು ದ್ರೌಪದಿಯ ಎದುರಿಗೆ ನಿಂತಳು. ಏರಿಳಿತವಿಲ್ಲದ ದನಿಯಲ್ಲಿ ಅಂದಳು:

“ನೀ ಯಾಕ ಇಷ್ಟ ಬಾಯಿ ತೆರೀತಿ? ಹಲ್ಲೆಲ್ಲಾ ಕಾಣ್ತಾವ.”

ಮುದುಕಿಗೆ ಕಿವಿ ಕೇಳದೆಂದು ದ್ರೌಪದಿಗೆ ತಿಳಿಯಿತು. ಆಮೇಲೆ ದನಿ ತೆಗೆದುಹಾಕಿ, ಬರೀ ತುಟಿಯಲ್ಲಿ, ಕೈಯಲ್ಲಿ, ಗಿರಣಿಯ ಸಾಲಿನಾಚೆಯ ಗೆಳತಿಗೆ ಹೇಳುವ ಹಾಗೆ ಹೇಳಿದಳು: ನನ್ನ ಗಂಡನಿಗೆ ಕಿವಿ ಮಂದ. ಎದೆ ಕೆಟ್ಟಿದೆ. ನಮ್ಮ ದನಿಗೆ ಯಾರೂ ಮನೆ ಕೊಡುತ್ತಿಲ್ಲ.

ಹಣಮವ್ವ ಅವಳ ತುಟಿಯನ್ನೇ ನೋಡುತ್ತಿದ್ದವಳು, “ನನ್ನ ಗಂಡಂದೂ ಎದಿನ ಕೆಟ್ಟಿತ್ತು,” ಎಂದಳು.

ಧೂಳಪ್ಪನ ಸುತ್ತಿಗೆ ನಿಂತಿತು. ಪಕ್ಕದವನದೂ ನಿಂತಿತು. ಇಬ್ಬರೂ ಹೆಂಗಸರು ಕಟ್ಟೆಯ ಮೇಲೆ ಕೂತರು. ಏನು ಮಾತಾಡಿದರೋ ಜಟ್ಟೆಪ್ಪನಿಗೆ ಎಲ್ಲ ತಿಳಿಯಲಿಲ್ಲ. ದ್ರೌಪದಿಯ ಕೈ ಅಷ್ಟು ಚುರುಕಾಗಿ ಓಡುತ್ತಿತ್ತು. ಒಮ್ಮೆ ಮುದುಕಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಅದು ಎಮ್ಮೆಯ ಕತೆ ಇರಬೇಕು. ಒಮ್ಮೆ ಇಬ್ಬರೂ ಕೂಡಿ ಅವನನ್ನೇ ನೋಡಿ ನಕ್ಕರು. ಅದಕ್ಕೆ ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಕೊನೆಗೆ ಹಣಮವ್ವ ಎದ್ದು ಮಗನಿಗೆ ಅಂದಳು:

“ಒಡಕ ಪಾತ್ರಿ ಹಿತ್ತಲಕ್ಕ ಹಾಕು. ಸುಣ್ಣ ಹಚ್ಚಿಸು.”

“ಯವ್ವಾ, ಮಳಿ ಬಂದ್ರ ಪಾತ್ರಿ ತೋಯ್ತಾವ,” ಎಂದ ಧೂಳಪ್ಪ. ಅವ್ವನಿಗೆ ಕೇಳಿಸುವುದಿಲ್ಲವೆಂದು ನೆನಪಾಗಿ ದ್ರೌಪದಿಯ ಮುಖ ನೋಡಿದ. ದ್ರೌಪದಿ ಅದನ್ನು ಕೈಯಲ್ಲಿ ಮುದುಕಿಗೆ ದಾಟಿಸಿದಳು. ತನಗೇ ಮನೆ ತಪ್ಪಿಸುವ ಮಾತನ್ನು ಒಂದಕ್ಷರ ಬಿಡದೆ ದಾಟಿಸಿದಳು. ಹಣಮವ್ವ ಮಗನತ್ತ ತಿರುಗಿ, “ತಾಮ್ರಕ್ಕೇನ ನೆಗಡಿ ಬರ್ತದೇನ?” ಎಂದಳು. ಓಣಿಗೆ ಓಣಿಯೇ ನಕ್ಕಿತು. ಮನೆ ಆಯಿತು.

ಅಮಾವಾಸ್ಯೆಗೆ ಮುಂಚೆ ಸಾಮಾನು ಬಂತು. ಮನೆ ಹೊಕ್ಕ ದಿನ ಓಣಿಯ ಮುತ್ತೈದೆಯರು ಬಂದು ದ್ರೌಪದಿಗೆ ಉಡಿ ತುಂಬಿದರು. ಹಣಮವ್ವ ಗಂಡ ಸತ್ತವಳು. ಶುಭದ ಹೊತ್ತಿಗೆ ತಾನು ಎದುರಿಗಿರಬಾರದೆಂದು ಬಾಗಿಲ ಹಿಂದೆ ಸರಿದು ನಿಂತಿದ್ದಳು. ದ್ರೌಪದಿ ತುಂಬಿದ ಉಡಿ ಹಿಡಿದುಕೊಂಡೇ ಎದ್ದು ಹೋಗಿ ಮುದುಕಿಯ ಮುಂದೆ ಸೆರಗು ಚಾಚಿದಳು. ಧೂಳಪ್ಪನ ಹೆಂಡತಿ ರತ್ನಾಬಾಯಿ, “ಹಂಗ ಮಾಡಬಾರ್ದ್ರೀ ಅಕ್ಕಾರ,” ಎಂದಳು. ಹಣಮವ್ವ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಈ ಮನಿ ಯಾರ ಕೊಟ್ಟಾರ?” ಎಂದು ದ್ರೌಪದಿ ಕೇಳಿದಳು. ಸುತ್ತಿಗೆಗಳನ್ನು ಮೀರಿ ಓಣಿಯ ಕೊನೆಗೂ ಕೇಳಿಸಿತು. “ಕೊಟ್ಟ ಕೈಯಿಂದ ಅಕ್ಕಿ ಬೀಳಲಿಲ್ಲಂದ್ರ ನಾ ಒಳಗ ಒಲಿ ಹಚ್ಚೂದಿಲ್ಲ!” ಆಮೇಲೆ ಅದನ್ನೇ ಕೈಯಲ್ಲೂ ಹೇಳಿದಳು.

ಹಣಮವ್ವ ಬಾಗಿಲ ಹಿಂದಿನಿಂದ ಈಚೆಗೆ ಬಂದಳು. ಒಂದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಶಿನ ಕೊಂಬು ಉಡಿಗೆ ಹಾಕಿದಳು. ಒಂದಿಷ್ಟು ಅಕ್ಕಿ ನೆಲಕ್ಕೆ ಬಿತ್ತು. ರತ್ನಾಬಾಯಿಯೇ ಬಗ್ಗಿ ಅದನ್ನು ಆರಿಸಿದಳು.

ಆ ಓಣಿಯಲ್ಲಿ ಜಟ್ಟೆಪ್ಪನ ಎದೆ ಸುಧಾರಿಸಿತು. ಕೆಮ್ಮು ಪೂರಾ ಹೋಗಲಿಲ್ಲ, ಆದರೆ ಗೋಡೆ ಹಿಡಿಯುವುದು ತಪ್ಪಿತು. ರತ್ನಾಬಾಯಿ ಮೊದಲು, ಆಮೇಲೆ ಉಳಿದ ಹೆಂಗಸರು, ದ್ರೌಪದಿಯಿಂದ ಕೈಮಾತು ಕಲಿತರು. ಹಣಮವ್ವನ ಭುಜ ಮುಟ್ಟಿ ಎಬ್ಬಿಸುವುದು ನಿಂತುಹೋಯಿತು. ಮುದುಕಿ ಓಣಿಯ ಸುದ್ದಿಗೆಲ್ಲ ತಾನೇ ಮೊದಲು ಮೂಗು ತೂರಿಸುವಷ್ಟು ಚುರುಕಾದಳು. ಒಮ್ಮೆ ಮಲಕಾಜಪ್ಪ ಮೊಮ್ಮಗಳ ಮದುವೆಗೆ ಹಂಡೆ ಮಾಡಿಸಲು ಬಂದಾಗ ದ್ರೌಪದಿ ಅವನನ್ನು ಕರೆದು ಕೂಡಿಸಿ ಚಹಾ ಕೊಟ್ಟಳು, ಅದೂ ಎರಡು ಸಲ. ಜಟ್ಟೆಪ್ಪನಿಗೆ ಆ ಚಹಾದ ಸಿಟ್ಟೂ ಇದೆ. ಆದರೆ ತನ್ನಿಂದ ಆಗದ್ದು ಅವಳಿಂದ ಆಗುತ್ತದೆ ಎಂಬುದು ಅವನಿಗೆ ಗೊತ್ತು. ಕೇಳಿದವರಿಗೆ ಹೇಳುತ್ತಾನೆ ಕೂಡ: “ಡಾಕ್ಟರು ನನ್ನ ಉಳಸಿಲ್ಲ. ಹೆಂಡತಿ ಬಾಯಿ ಉಳಸ್ಯಾದ.”

ಉಡಿ ತುಂಬಿಸಿಕೊಂಡವಳು ತುಂಬಿದವಳಿಗೆ ಒಮ್ಮೆಯಾದರೂ ತಿರುಗಿ ಉಡಿ ತುಂಬಬೇಕು, ಇಲ್ಲದಿದ್ದರೆ ಋಣ ಉಳಿಯುತ್ತದೆ ಎಂದು ಈ ಸೀಮೆಯ ಹೆಂಗಸರು ನಂಬುತ್ತಾರೆ. ದ್ರೌಪದಿ ಓಣಿಯ ಎಲ್ಲರಿಗೂ ತಿರುಗಿ ತುಂಬಿದಳು. ಹಣಮವ್ವನಿಗಾಗಿ ಸೊಲ್ಲಾಪುರದಿಂದ ಹಸಿರು ಕುಪ್ಪಸದ ಖಣ ತರಿಸಿ, ಹಬ್ಬ ಬಂದಾಗಲೆಲ್ಲ ಅಕ್ಕಿ ಕಾಯಿ ಹಿಡಿದು ಹೋಗಿ ನಿಲ್ಲುತ್ತಿದ್ದಳು. ಹಣಮವ್ವ ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದಳು. “ನಾ ಹಾಕಿದ್ದಕ್ಕ ಮಂದಿ ನನಗ ಅಂದಾರ, ಹೋಗ್ಲಿ. ನೀ ಹಾಕಿದ್ರ ನಿನಗ ಅಂತಾರ. ಮುಂದಿನ ಹಬ್ಬಕ್ಕ ನೋಡೂಣು,” ಎನ್ನುತ್ತಿದ್ದಳು. ದ್ರೌಪದಿ ಜಗ್ಗಾಡಿದಳು, ಬೈದಳು, ಕೈಯಲ್ಲಿ ಬೈದಳು, ದನಿಯಲ್ಲಿ ಬೈದಳು. ಮನೆ ಕೊಡುವಾಗ ಮಗನ ಮಾತು ಮೀರಿದ ಮುದುಕಿ ಇದೊಂದರಲ್ಲಿ ಯಾರ ಮಾತಿಗೂ ಬಗ್ಗಲಿಲ್ಲ. ಬೇಡವೆಂದಾಗ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಕಣ್ಣು ಮುಚ್ಚಿದವಳಿಗೆ ಕೈಮಾತು ಹೇಗೆ ಹೇಳುವುದು?

ಈ ವರ್ಷ ಎಳ್ಳಮಾವಾಸ್ಯೆಯ ಹಿಂದಿನ ದಿನ ಹಣಮವ್ವ ತೀರಿಕೊಂಡಳು. ಖಣ ದ್ರೌಪದಿಯ ಪೆಟ್ಟಿಗೆಯಲ್ಲೇ ಇದೆ. ರತ್ನಾಬಾಯಿಗೆ ಕೊಟ್ಟರೆ ಆಗುತ್ತದೆಂದು ಓಣಿಯವರು ಹೇಳಿದರು. ಅವಳು ಕೊಡಲಿಲ್ಲ.

“ಅದು ಆಕೀದು,” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅಂದಳು, ಜಟ್ಟೆಪ್ಪ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು.